ಮನೆ ಯಾರ ಹೆಸರಿನಲ್ಲಿದೆ

"ಬಚ್ಚಲಲ್ಲಿ ಜಾರಿ ಬಿದ್ದಳು," ಎಂದಳು ಅತ್ತೆ.

ಡಾಕ್ಟರು ಬರೆದುಕೊಂಡರು. ಅವರು ಕೇಳಿದ್ದು ಸೊಸೆಯನ್ನು, ಉತ್ತರ ಬಂದದ್ದು ಅತ್ತೆಯಿಂದ. ಆದರೂ ಅವರಿಗೆ ಅನುಮಾನ ಬರಲಿಲ್ಲ. ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೇಳು ವರ್ಷ ಹಾಸಿಗೆಬಟ್ಟೆ ಒಗೆದು ನಿವೃತ್ತಳಾದವಳು ಆಕೆ. ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಲಾಂಡ್ರಿಯಮ್ಮ ಎಂದರೆ ಗೊತ್ತು. ಶನಿವಾರ ಮಧ್ಯಾಹ್ನದ ಆ ನೂಕುನುಗ್ಗಲಲ್ಲೂ ಸಾಲಿನಿಂದ ಎಬ್ಬಿಸಿ ಮೊದಲು ಒಳಗೆ ಕರೆದದ್ದು ಅದಕ್ಕೇ.

ಸೊಸೆ ಸ್ಟೂಲಿನ ಮೇಲೆ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡಿದ್ದಳು. ಮಣಿಕಟ್ಟು ಊದಿ ಬಣ್ಣ ತಿರುಗಿತ್ತು.

"ಜಾರಿಲ್ಲ ಡಾಕ್ಟ್ರೇ," ಎಂದಳು. "ನನ್ನ ಗಂಡ ತಿರುಚಿದ್ದು."

ಡಾಕ್ಟರು ಪೆನ್ನು ನಿಲ್ಲಿಸಿ ಲಾಂಡ್ರಿಯಮ್ಮನ ಮುಖ ನೋಡಿದರು. ಲಾಂಡ್ರಿಯಮ್ಮ ಗೋಡೆ ನೋಡಿದಳು. ಡಾಕ್ಟರು ಬರೆದದ್ದರ ಮೇಲೆ ಒಂದು ಗೆರೆ ಎಳೆದರು, ಪಕ್ಕದಲ್ಲಿ ಸಹಿ ಹಾಕಿದರು, ಕೆಳಗೆ ಹೊಸದಾಗಿ ಬರೆದರು.

ನಡೆದದ್ದು ಇಷ್ಟು. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಶನಿವಾರ ಅರ್ಧ ದಿನ. ಎರಡಕ್ಕೆ ಬರಬೇಕಾದವಳು ಮೂರಕ್ಕೆ ಬಂದಳು. ಯಾರೋ ಮುದುಕರು ಊರಿಗೆ ಹೊರಟು ನಿಂತಿದ್ದರು, ಅವರ ಕನ್ನಡಕ ಮುಗಿಸಿಕೊಟ್ಟು ಬಂದೆ ಎಂದಳು. ಅವಳ ಗಂಡ ಪುಟ್ಟು ಆಗಲೇ ಊಟಕ್ಕೆ ಕೂತಿದ್ದ. ಮೂವತ್ತೇಳು ವರ್ಷದ, ಲಿಫ್ಟ್ ರಿಪೇರಿ ಮಾಡುವ, ಆರಡಿ ಎತ್ತರದ ಆಳು. ಮನೆಯಲ್ಲಿ ಮಾತ್ರ ಇನ್ನೂ ಪುಟ್ಟು. "ಮುದುಕರೋ ಹುಡುಗರೋ" ಎಂದ. ಅವಳು "ಬೇಕಾದ್ರೆ ಅಂಗಡಿಗೆ ಫೋನ್ ಮಾಡಿ ಕೇಳಿ" ಎಂದು ಫೋನು ಮುಂದೆ ಹಿಡಿದಳು. ಹಿಡಿದ ಕೈಯನ್ನೇ ಅವನು ತಿರುಚಿದ. ಲಟ್ ಎಂದ ಸದ್ದು ಬಡಿಸಲು ಒಲೆಯಿಂದ ತಿರುಗಿದ್ದ ಲಾಂಡ್ರಿಯಮ್ಮನಿಗೂ ಕೇಳಿಸಿತು.

ಆಸ್ಪತ್ರೆಯಿಂದ ಬಸ್ಸಿನಲ್ಲಿ ವಾಪಸು ಬರುವಾಗ ಲಾಂಡ್ರಿಯಮ್ಮ ತಡೆಯಲಾರದೆ ಬಾಯಿಬಿಟ್ಟಳು.

"ಅಷ್ಟು ಬಿಡಿಸಿ ಹೇಳೋ ಅಗತ್ಯ ಏನಿತ್ತು? ನನ್ನ ಮರ್ಯಾದೆ ಎಲ್ಲಾ ಅಲ್ಲೇ ಹೋಯ್ತು."

"ಹೇಗಾಯ್ತು ಅಂತ ಕೇಳಿದ್ರು. ಹೇಳ್ದೆ."

"ಮನೆ ಅಂದ್ಮೇಲೆ ಇರುತ್ತೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ."

"ಹನ್ನೊಂದು ವರ್ಷದಿಂದ ಉಂಡೂ ಆಯ್ತು, ಮಲಗೀನೂ ಆಯ್ತು ಅತ್ತೆ," ಎಂದಳು ಸೊಸೆ.

ಸೋಮವಾರ ಸೊಸೆ ಕೆಲಸಕ್ಕೆ ಹೋಗಲಿಲ್ಲ. ಡಾಕ್ಟರ ಚೀಟಿ ತೆಗೆದುಕೊಂಡು ಉಚಿತ ಕಾನೂನು ನೆರವಿನ ಕಚೇರಿಗೆ ಹೋದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಮುಂದಿನ ಹತ್ತು ದಿನ ಪುಟ್ಟು ಚಿನ್ನದಂಥ ಗಂಡನಾಗಿದ್ದ. ಹಣ್ಣು ತಂದ. ಐಸ್‌ಕ್ರೀಂ ತಂದ. ಒಂದು ದಿನ ಪಾತ್ರೆ ತಾನೇ ತೊಳೆದು, ಒಂದು ಲೋಟ ಒಡೆದ. ಸೊಸೆ ಮಗಳ ಕೋಣೆಗೆ ಹಾಸಿಗೆ ಸಾಗಿಸಿ, ಒಳಗಿಂದ ಚಿಲಕ ಹಾಕಿಕೊಂಡು ಮಲಗುತ್ತಿದ್ದಳು.

"ನೋಡು, ಎಷ್ಟು ಬದಲಾಗಿದ್ದಾನೆ," ಎಂದಳು ಲಾಂಡ್ರಿಯಮ್ಮ.

"ಹಣ್ಣು ತಂದಿದ್ದು ಇದು ನಾಲ್ಕನೇ ಸಲ ಅತ್ತೆ. ಮೊದಲನೇ ಸಲ ತಂದಾಗ ಮರಿ ಇನ್ನೂ ಹುಟ್ಟಿರ್ಲಿಲ್ಲ."

ಮರಿ ಎಂದರೆ ಮೊಮ್ಮಗಳು. ಹತ್ತು ವರ್ಷದವಳು. ಕೇಳಿಸಿಕೊಳ್ಳಬಾರದ್ದೆಲ್ಲ ಕೇಳಿಸಿಕೊಳ್ಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಹನ್ನೊಂದನೇ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಕೋರ್ಟಿನಿಂದ ಒಬ್ಬ ಅಧಿಕಾರಿ ಬಂದು ಕಾಗದ ಕೊಟ್ಟರು. ಮುಂದಿನ ವಿಚಾರಣೆಯವರೆಗೆ ಗಂಡನಾದವನು ಹೆಂಡತಿ ಇರುವ ಮನೆಗೆ ಕಾಲಿಡಬಾರದು, ಅವಳು ಕೆಲಸ ಮಾಡುವ ಜಾಗಕ್ಕೂ ಹೋಗಬಾರದು. ಪುಟ್ಟು ಎರಡು ಸಲ ಓದಿದ. ಬಾಯಲ್ಲಿದ್ದ ಬ್ರೆಡ್ಡು ನುಂಗಲು ಮರೆತ.

"ಅಮ್ಮ, ಇದು ನಾನು ಹುಟ್ಟಿ ಬೆಳೆದ ಮನೆ. ನನ್ನನ್ನೇ ಹೊರಗೆ ಹಾಕ್ತಾರಾ?"

"ಹುಟ್ಟಿದ್ದು ಆಸ್ಪತ್ರೇಲಿ, ಇಲ್ಲಿಗೆ ಬಂದಾಗ ನಿನಗೆ ಏಳು," ಎಂದರು ತಂದೆ, ತಟ್ಟೆಯಿಂದ ತಲೆಯೆತ್ತದೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಅವರು. ಬೀದಿಗೆಲ್ಲ ಈಗಲೂ ಕಂಡಕ್ಟರೇ. ಹೇಳಬಾರದ ಹೊತ್ತಿನಲ್ಲಿ ಹೇಳಬಾರದ ಮಾತು ಹೇಳಿ, ಹೇಳಬೇಕಾದಾಗ ಕಿವಿ ಕೇಳಿಸದವರ ಹಾಗೆ ಕೂತುಬಿಡುವುದು ಅವರ ಜಾಯಮಾನ.

ಪುಟ್ಟು ಒಂದು ಚೀಲಕ್ಕೆ ಬಟ್ಟೆ ತುಂಬಿಕೊಂಡು, ಸ್ಪ್ಯಾನರುಗಳ ಪೆಟ್ಟಿಗೆ ಹೆಗಲಿಗೇರಿಸಿ ಅಕ್ಕನ ಮನೆಗೆ ಹೋದ. ಅಂದು ಲಾಂಡ್ರಿಯಮ್ಮ ಸೊಸೆಯ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟಳೇ ಹೊರತು ಕೆಲಸ ಬಿಡಲಿಲ್ಲ. ಬಲಗೈಗೆ ಪ್ಲಾಸ್ಟರ್ ಬಿದ್ದ ಸೊಸೆಗೆ ಒಂದೇ ಕೈ. ಬೆಳಿಗ್ಗೆ ಎದ್ದು ನೋಡಿದರೆ ಅವಳ ಪಾಲಿನ ತರಕಾರಿ ಹೆಚ್ಚಿ ಬಟ್ಟಲಲ್ಲಿ ಮುಚ್ಚಿಟ್ಟಿರುತ್ತಿತ್ತು. ಮರಿಯ ಜಡೆ ಹೆಣೆದಾಗಿರುತ್ತಿತ್ತು. ಒದ್ದೆ ಬಟ್ಟೆ ಹಿಂಡಿ ಹರವಿರುತ್ತಿತ್ತು, ಲಾಂಡ್ರಿಯ ಅಭ್ಯಾಸದಂತೆ ಅಂಚಿಗೆ ಅಂಚು ಸೇರಿಸಿ. ಮಾತಿಗೆ ಮಾತ್ರ ಗಂಡ ನಡುವೆ ಬೇಕು.

"ರೀ, ಹಾಲು ಉಕ್ತಿದೆ ಅಂತ ಹೇಳಿ ಅವಳಿಗೆ."

"ಅವಳು ಒಲೆ ಮುಂದೇನೇ ನಿಂತಿದ್ದಾಳಲ್ಲೇ."

"ಹೇಳಿ ಅಂದ್ರೆ ಹೇಳಿ."

"ಹಾಲು ಉಕ್ತಿದೆಯಂತಮ್ಮ," ಎನ್ನುತ್ತಿದ್ದರು ಕಂಡಕ್ಟರು. ಅಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿರುತ್ತಿತ್ತು.

ಒಂದು ದಿನ ಮರಿ ಊಟ ಮಾಡುತ್ತಾ ಕೇಳಿದಳು, "ಅಜ್ಜಿ, ಅಪ್ಪ ಕಳ್ಳನಾ? ಪೊಲೀಸ್ ಹಿಡೀತಾರಾ?"

"ಛೀ, ಬಿಡ್ತು ಅನ್ನು. ಕಳ್ಳ ಯಾಕಾಗ್ತಾನೆ?"

"ಮತ್ತೆ ಮನೆಗೆ ಬರಬಾರ್ದು ಅಂತ ಯಾಕೆ ಬರೆದಿದ್ದಾರೆ?"

ಲಾಂಡ್ರಿಯಮ್ಮ ಸೊಸೆಯ ಕಡೆ ನೋಡಿದಳು. ನೀನೇ ಮಾಡಿಕೊಂಡದ್ದು, ನೀನೇ ಹೇಳು ಎನ್ನುವ ಹಾಗೆ.

"ಅಪ್ಪ ನನ್ನ ಕೈ ಮುರಿದ್ರು. ಇನ್ನೊಂದು ಸಲ ಹಾಗಾಗ್ಬಾರ್ದು ಅಂತ ಬರೆದಿದ್ದಾರೆ," ಎಂದಳು ಸೊಸೆ. "ಅಷ್ಟೇ. ಮೊಟ್ಟೆ ತಿನ್ನು."

ಮೂರನೇ ಭಾನುವಾರ ದೊಡ್ಡ ಮಗಳು ಬಂದಳು. ಸೊಸೆ ಮರಿಯನ್ನು ಕರೆದುಕೊಂಡು ಹೊರಗೆ ಹೋದದ್ದನ್ನು ನೋಡಿಕೊಂಡೇ ಒಳಗೆ ಬಂದಳು. ಕೂತವಳೇ ಶುರುಮಾಡಿದಳು.

"ಎರಡು ಕೋಣೆ ಮನೆ ನಮ್ದು. ಸೋಫಾ ಮೇಲೆ ಪುಟ್ಟು ಮಲಗ್ತಾನೆ. ನಮ್ಮನೆಯವರು ಬೆಳಿಗ್ಗೆ ಸೋಫಾದಲ್ಲಿ ಕೂತು ಪೇಪರ್ ಓದೋರು. ಈಗ ಅಡುಗೆಮನೆ ಬಾಗಿಲಲ್ಲಿ ನಿಂತ್ಕೊಂಡು ಓದ್ತಾರೆ. ಎಷ್ಟು ದಿನ ಅಂತ ನಿಲ್ತಾರೆ ಅಮ್ಮ?"

"ನನ್ನ ಕೈಲಿದೆಯೇನೇ ಅದು?"

"ನಿನ್ನ ಕೈಲೇ ಇರೋದು. ವಕೀಲರನ್ನ ಕೇಳಿ ಬಂದೆ. ಈ ಮನೆ ನಿನ್ನ ಹೆಸರಲ್ಲಿದೆ. ನಿನ್ನ ಸ್ವಂತ ದುಡಿಮೆ. ನೀನು ಒಂದು ಅರ್ಜಿ ಕೊಟ್ರೆ ಅವಳು ಖಾಲಿ ಮಾಡ್ಬೇಕಾಗುತ್ತೆ. ಅವಳೇ ಇಲ್ಲದ ಮನೆಗೆ ಅವನು ಬಂದ್ರೆ ಕೋರ್ಟು ಏನನ್ನುತ್ತೆ?"

ಲಾಂಡ್ರಿಯಮ್ಮನಿಗೆ ಮಾತು ಹಿಡಿಸಿತು. ಸೊಸೆಯ ಮೇಲೆ ಸಿಟ್ಟಿತ್ತು, ಮಗನ ತಟ್ಟೆ ಖಾಲಿ ಇತ್ತು. ಮಂಗಳವಾರ ಮಗಳ ಜೊತೆ ವಕೀಲರ ಕಚೇರಿಗೆ ಹೋದಳು. ಬೋಳುತಲೆಯ ವಕೀಲರು, ಮೇಜಿನ ತುಂಬ ದಾರ ಕಟ್ಟಿದ ಕಡತ. ಆಗಲೇ ಟೈಪ್ ಮಾಡಿಟ್ಟಿದ್ದ ಕಾಗದವನ್ನು ಓದಿ ಹೇಳಿದರು. ಮನೆ ನನ್ನದು. ನನಗೆ ವಯಸ್ಸಾಗಿದೆ. ಸೊಸೆಯು ನನಗೂ ನನ್ನ ಗಂಡನಿಗೂ ಊಟ ಹಾಕದೆ, ಅವಾಚ್ಯವಾಗಿ ಬೈದು, ದಿನನಿತ್ಯ ಹಿಂಸೆ ಕೊಡುತ್ತಿದ್ದಾಳೆ.

"ಊಟ ಹಾಕದೆ?" ಎಂದಳು ಲಾಂಡ್ರಿಯಮ್ಮ. "ಅಡುಗೆ ನಾನೇ ಮಾಡೋದಲ್ಲ?"

"ಅದು ಹಾಗೆ ಬರೀಬೇಕಾಗುತ್ತಮ್ಮ. ಸುಮ್ನೆ ಮನೆ ನಂದು ಅಂದ್ರೆ ಸಾಲೋದಿಲ್ಲ. ಅವಳು ಹೆಂಡತಿಯಾಗಿ ಹನ್ನೊಂದು ವರ್ಷ ಅಲ್ಲಿ ಬಾಳಿದ್ದಾಳೆ. ಕೋರ್ಟು ಅದನ್ನೂ ನೋಡುತ್ತೆ. ನಿಮಗೂ ತೊಂದ್ರೆ ಇದೆ ಅಂತ ತೋರಿಸ್ಬೇಕು."

"ಅವಳು ನನ್ನ ಬೈದಿಲ್ಲ."

"ಒಂದು ದಿನಾನೂ?"

ಲಾಂಡ್ರಿಯಮ್ಮ ಯೋಚಿಸಿದಳು. "ಒಂದ್ಸಲ ನಿಮ್ಮ ಮಗನಿಗೆ ಮುದ್ದು ಜಾಸ್ತಿ ಮಾಡಿದ್ರಿ ಅಂದಿದ್ಲು. ಅದು ಬೈಗುಳ ಅಂತ ಹೇಗೆ ಹೇಳೋದು?"

"ಬಾಕಿದು ನಾನು ನೋಡ್ಕೊತೀನಿ. ಇಲ್ಲಿ ಸಹಿ ಹಾಕಿ."

"ಮರಿ ಎಲ್ಲಿಗೆ ಹೋಗುತ್ತೆ?"

"ತಾಯಿ ಜೊತೆ ಹೋಗುತ್ತೆ. ಆಮೇಲೆ ಮಗೂನ ಕೇಳೋಕೆ ಬೇರೆ ಕೇಸು ಹಾಕೋಣ."

ಅವಳು ಕಾಗದ ಮಡಚಿ ಕೈಚೀಲದಲ್ಲಿಟ್ಟುಕೊಂಡಳು. "ಮನೇಲಿ ಓದ್ತೀನಿ," ಎಂದಳು. ಹೊರಗೆ ಮೆಟ್ಟಿಲ ಮೇಲೆ ಮಗಳು ರೇಗಿದಳು. "ಬಾಯಿಗೆ ಬಂದ ತುತ್ತು ಕೈಯಾರೆ ಬಿಸಾಡ್ತೀಯಲ್ಲಮ್ಮ."

"ಒಂದು ಸುಳ್ಳು ಆಗ್ಲೇ ಹೇಳಿದೀನಿ ಕಣೇ. ಅದೇ ಇನ್ನೂ ಗಂಟಲಲ್ಲಿದೆ. ಸ್ವಲ್ಪ ತಡಿ."

ಮರುದಿನ ಅವಳು ಮಗನನ್ನು ನೋಡಲು ಹೋದಳು. ಮಾರುಕಟ್ಟೆಯ ಹಿಂದಿನ ಎಂಟು ಮಹಡಿಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿತ್ತು. ನೆಲಮಹಡಿಯಲ್ಲಿ ಬಾಗಿಲು ತೆರೆದು, ಮುಂದೆ ಹಳದಿ ಪಟ್ಟಿ ಕಟ್ಟಿದ್ದರು. ಪುಟ್ಟು ಒಳಗೆ ಗುಂಡಿಯಲ್ಲಿ ಇಳಿದು ನಿಂತಿದ್ದ. ಎದೆಯಿಂದ ಮೇಲೆ ಮಾತ್ರ ಕಾಣುತ್ತಿತ್ತು. ಕೈಯೆಲ್ಲ ಗ್ರೀಸು.

ಲಾಂಡ್ರಿಯಮ್ಮ ಊಟದ ಡಬ್ಬಿ ಪಟ್ಟಿಯ ಆಚೆ ಇಟ್ಟು, ನೆಲದ ಮೇಲೆಯೇ ಕುಕ್ಕರಿಸಿದಳು. ಮೆಟ್ಟಿಲು ಹತ್ತುವವರೆಲ್ಲ ಲಿಫ್ಟಿಗೆ ಶಾಪ ಹಾಕುತ್ತಾ ಪಕ್ಕದಿಂದ ಹೋಗುತ್ತಿದ್ದರು.

"ಸೈನ್ ಹಾಕಿದ್ಯಾ?" ಎಂದ.

"ಇಲ್ಲ. ಮೊದಲು ಉಣ್ಣು."

"ಸೈನ್ ಹಾಕಮ್ಮ. ಒಂದು ತಿಂಗಳು ಹೊರಗಿದ್ರೆ ಅವಳೇ ದಾರಿಗೆ ಬರ್ತಾಳೆ. ಎಲ್ಲಿಗೆ ಹೋಗ್ತಾಳೆ? ಅಪ್ಪ ಇಲ್ಲ, ಅಮ್ಮ ಇಲ್ಲ, ಇರೋ ಒಬ್ಬ ಅಣ್ಣ ಫೋನೂ ಎತ್ತಲ್ಲ."

"ಎಲ್ಲಿಗೂ ಹೋಗೋಕಾಗಲ್ಲ ಅಂತ ಗೊತ್ತಿದ್ದೇ ಕೈ ತಿರುಚಿದ್ಯಾ?"

ಅವನು ಸ್ಪ್ಯಾನರ್ ಕೆಳಗಿಟ್ಟ. "ಬೇಕು ಅಂತ ಮಾಡಿದ್ನಾ? ಸಿಟ್ಟು ಬಂತು. ಆಮೇಲೆ ಎಷ್ಟು ಅತ್ತಿದೀನಿ ಅಂತ ಅವಳಿಗೆ ಗೊತ್ತು. ನನ್ನೊಬ್ಬನ್ನೇ ಯಾಕೆ ಹೀಗೆ ನೋಡ್ತೀರ ಎಲ್ಲರೂ? ಅಪ್ಪ ನಿನಗೆ ಹೊಡೀತಿರ್ಲಿಲ್ವಾ? ಆ ಬಾಡಿಗೆ ಮನೇಲಿ ನಾನೂ ಅಕ್ಕನೂ ಮಂಚದ ಕೆಳಗೆ ಕೂತು ಕೇಳಿಸ್ಕೊಂಡಿಲ್ವಾ? ನೀನು ಕೋರ್ಟಿಗೆ ಹೋದ್ಯಾ? ಆಮೇಲೆ ತಾನಾಗೇ ಸರಿ ಹೋಗ್ಲಿಲ್ವಾ?"

ಮಂಚದ ಕೆಳಗೆ ಇವರು ಕೂತಿದ್ದರೆಂಬುದೇ ಲಾಂಡ್ರಿಯಮ್ಮನಿಗೆ ಗೊತ್ತಿರಲಿಲ್ಲ. ಮಕ್ಕಳು ನಿದ್ದೆ ಮಾಡಿದ್ದಾರೆ ಎಂದುಕೊಂಡೇ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಪೆಟ್ಟು ತಿಂದಿದ್ದಳು.

"ಉಣ್ಣು, ಆರಿಹೋಗುತ್ತೆ," ಎಂದು ಎದ್ದಳು.

ಅಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಸುರಿದುಕೊಂಡು ಗಂಡ ಹೆಂಡತಿ ಸುಲಿಯುತ್ತಾ ಕೂತರು. ಮೇಜಿನ ಇನ್ನೊಂದು ತುದಿಯಲ್ಲಿ ಮರಿ ಲೆಕ್ಕ ಮಾಡುತ್ತಿದ್ದಳು. ಸೊಸೆ ಇನ್ನೂ ಬಂದಿರಲಿಲ್ಲ. ಗಾಜು ಉಜ್ಜಲು ಆಗದ ಕೈಯಾದ್ದರಿಂದ ಅಂಗಡಿಯವರು ಅವಳನ್ನು ಬಿಲ್ಲು ಬರೆಯಲು ಕೂರಿಸಿದ್ದರು. ಎಡಗೈಯಲ್ಲಿ ಬರೆದು ಬರೆದು ತಡವಾಗುತ್ತಿತ್ತು.

"ರೀ," ಎಂದಳು ಲಾಂಡ್ರಿಯಮ್ಮ. "ನೀವು ನನಗೆ ಹೊಡೆಯೋದು ಯಾಕೆ ನಿಲ್ಸಿದ್ರಿ?"

ಕಂಡಕ್ಟರಿಗೆ ಕೇಳಿಸಲಿಲ್ಲ.

"ಕಿವಿ ಕೇಳುತ್ತೆ ನಿಮಗೆ. ನನಗೆ ಗೊತ್ತು."

"ಏನೀಗ ಅದು, ಹಳೇ ಪುರಾಣ?"

"ಪುಟ್ಟು ಕೇಳಿದ. ಅಪ್ಪ ತಾನಾಗೇ ಸರಿ ಹೋಗ್ಲಿಲ್ವಾ ಅಂದ."

"ಸರಿ ಹೋದೆ ತಾನೇ? ವಯಸ್ಸಾಯ್ತು, ಬುದ್ಧಿ ಬಂತು."

"ಮೂವತ್ತೊಂಬತ್ತಕ್ಕೆ ವಯಸ್ಸಾಯ್ತಾ ನಿಮಗೆ? ನಿಲ್ಸಿದ್ದು ಈ ಮನೆಗೆ ಬಂದ ವರ್ಷ. ಬಾಡಿಗೆ ಮನೇಲಿ ಕೊನೇ ವಾರ ಕೂಡ ಹೊಡೆದಿದ್ರಿ, ಸಾಮಾನು ಕಟ್ಟೋದು ತಡ ಆಯ್ತು ಅಂತ. ಇಲ್ಲಿಗೆ ಬಂದ್ಮೇಲೆ ಒಂದು ದಿನಾನೂ ಕೈ ಎತ್ಲಿಲ್ಲ. ಯಾಕೆ?"

ಕಂಡಕ್ಟರು ಒಂದು ಸಿಪ್ಪೆ ಬಿಡಿಸಿದರು. ಕಾಳು ಬಟ್ಟಲಿಗೆ ಬೀಳದೆ ನೆಲಕ್ಕೆ ಉರುಳಿತು. ಬಗ್ಗಿ ಎತ್ತಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ಆಸ್ಪತ್ರೆಯವರು ಸಾಲ ಕೊಟ್ಟಿದ್ದು ನಿನಗೆ. ಕಾಗದ ಆಗಿದ್ದು ನಿನ್ನ ಹೆಸರಿಗೆ," ಎಂದರು. "ಹೊರಗೆ ಹೋಗು ಅಂತ ಅದುವರೆಗೆ ನಾನು ಹೇಳ್ತಿದ್ದೆ. ಇನ್ಮೇಲೆ ನೀನು ಹೇಳಬಹುದಲ್ಲ ಅನ್ನಿಸ್ತು. ಹೆದರಿಕೆ ಆಯ್ತು. ಅಷ್ಟೇ."

"ನಾನು ಹಾಗೆ ಹೇಳ್ತಿರ್ಲಿಲ್ಲ."

"ಅದು ನನಗೇನು ಗೊತ್ತು?"

ಲಾಂಡ್ರಿಯಮ್ಮ ಗಂಡನ ಮುಖವನ್ನೇ ನೋಡಿದಳು. ಹೊಡೆತ ನಿಂತದ್ದು ತನ್ನ ತಾಳ್ಮೆಗೆ ದಕ್ಕಿದ ಫಲ ಎಂದು ಮೂವತ್ತು ವರ್ಷದಿಂದ ಅವಳು ನಂಬಿಕೊಂಡಿದ್ದಳು. ಕಷ್ಟ ಹೇಳಿಕೊಂಡು ಬಂದ ಆಸ್ಪತ್ರೆಯ ಹೆಣ್ಣುಮಕ್ಕಳಿಗೆಲ್ಲ "ತಾಳಿದವರು ಬಾಳ್ತಾರೆ, ನನ್ನ ನೋಡಿ" ಎಂದು ಬುದ್ಧಿ ಹೇಳಿದ್ದಳು. ಸೊಸೆಗೂ ಹೇಳಿದ್ದಳು. ತಾಳ್ಮೆಗೂ ಅದಕ್ಕೂ ಏನೂ ಸಂಬಂಧವಿರಲಿಲ್ಲ.

ಮೇಜಿನ ತುದಿಯಲ್ಲಿ ಮರಿಯ ಪೆನ್ಸಿಲ್ಲು ಎಷ್ಟೋ ಹೊತ್ತಿನಿಂದ ನಿಂತುಹೋಗಿತ್ತು.

ಸೊಸೆ ಬಂದಾಗ ಲಾಂಡ್ರಿಯಮ್ಮ ಬಟಾಣಿಯ ಬಟ್ಟಲು ಒಲೆಯ ಬಳಿ ಇಟ್ಟು, ಗಂಡನ ಮೂಲಕವಲ್ಲದೆ ನೇರವಾಗಿ ಕೇಳಿದಳು. "ವಿಚಾರಣೆ ಯಾವತ್ತು?"

"ಬರೋ ಗುರುವಾರ," ಎಂದಳು ಸೊಸೆ, ತುಸು ಬೆಚ್ಚಿ.

"ನಿನ್ನ ವಕೀಲೆ ನನ್ನ ಕರೀತಾರಾ?"

"ಕರೆಯೋಣ ಅಂದ್ರು. ನಾನೇ ಬೇಡ ಅಂದೆ. ಮಗನ ಎದುರಿಗೆ ನಿಮ್ಮನ್ನ ನಿಲ್ಲಿಸೋದು ಬೇಡ ಅಂತ."

"ಕರೀಲಿ," ಎಂದಳು ಲಾಂಡ್ರಿಯಮ್ಮ. ವಕೀಲರ ಕಾಗದವನ್ನು ಕೈಚೀಲದಿಂದ ತೆಗೆದು, ಓದಲೂ ಹೋಗದೆ, ಬಟಾಣಿ ಸಿಪ್ಪೆಯ ಜೊತೆ ಬುಟ್ಟಿಗೆ ಹಾಕಿದಳು.

ಕೋರ್ಟು ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಶಾಲೆಯ ತರಗತಿಯಂಥ ಒಂದು ಕೋಣೆ. ನ್ಯಾಯಾಧೀಶೆಗೆ ನೆಗಡಿಯಾಗಿತ್ತು, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಪುಟ್ಟು ಒಗೆದ ಅಂಗಿ ಹಾಕಿಕೊಂಡು ಅಕ್ಕನ ಪಕ್ಕ ಕೂತಿದ್ದ. ಅಂಗಿಯ ಇಸ್ತ್ರಿ ಸರಿಯಿಲ್ಲ ಎಂಬುದು ಲಾಂಡ್ರಿಯಮ್ಮನಿಗೆ ದೂರದಿಂದಲೇ ಕಂಡಿತು.

ಸೊಸೆಯ ವಕೀಲೆ ಕೇಳಿದ್ದಕ್ಕೆ ಅವಳು ಶನಿವಾರ ಮಧ್ಯಾಹ್ನ ಕಂಡದ್ದನ್ನು ಕಂಡಷ್ಟೇ ಹೇಳಿದಳು. ಆಮೇಲೆ ಬೋಳುತಲೆಯ ವಕೀಲರು ಎದ್ದರು.

"ನೀವು ಆಗ ಅಡುಗೆ ಮಾಡ್ತಾ ಇದ್ರಿ. ಬೆನ್ನು ಈ ಕಡೆ. ನಿಮಗೆ ಹೇಗೆ ಕಂಡಿತು?"

"ಮೊಟ್ಟೆ ಕೇಳಿದ ಅಂತ ಬಡಿಸೋಕೆ ತಿರುಗಿದ್ದೆ. ಸೌಟು ಕೈಲಿತ್ತು. ಒಲೆಗೂ ಮೇಜಿಗೂ ನಾಲ್ಕು ಹೆಜ್ಜೆ."

"ಆದ್ರೆ ಆಸ್ಪತ್ರೇಲಿ ಜಾರಿ ಬಿದ್ದಳು ಅಂತ ಹೇಳಿದ್ದು ನೀವೇ ಅಲ್ವಾ?"

"ನಾನೇ."

"ಅಂದ್ರೆ ಆಗ ಸುಳ್ಳು ಹೇಳಿದ್ರಿ. ಅಥವಾ ಈಗ ಸುಳ್ಳು ಹೇಳ್ತಿದೀರಿ."

"ಆಗ."

"ಯಾಕೆ? ಮಗನ ಮೇಲೆ ನಿಮಗೆ ಪ್ರೀತಿ ಇಲ್ವಾ?"

"ಇದೆ," ಎಂದಳು ಲಾಂಡ್ರಿಯಮ್ಮ. "ಅದಕ್ಕೇ ಆಗ ಸುಳ್ಳು ಹೇಳಿದ್ದು."

ನ್ಯಾಯಾಧೀಶೆ ಕರವಸ್ತ್ರ ಕೆಳಗಿಟ್ಟು ಅವಳನ್ನೇ ಕೇಳಿದರು. "ಮನೆ ನಿಮ್ಮದಂತೆ. ಸೊಸೆ ಅಲ್ಲಿರೋದಕ್ಕೆ ನಿಮ್ಮ ಆಕ್ಷೇಪಣೆ ಇದೆಯಾ?"

"ಇಲ್ಲ ಅಮ್ಮಾ. ನನ್ನ ಜೊತೆ ಜಗಳ ಆಡ್ತಾಳೆ, ಆಡ್ಲಿ. ಅದರಿಂದ ಯಾರ ಕೈಯೂ ಮುರಿಯಲ್ಲ."

ಪುಟ್ಟು ತನ್ನ ಬೂಟು ನೋಡುತ್ತಿದ್ದ. ಹೊರಗೆ ಬಂದಾಗ ದೊಡ್ಡ ಮಗಳು ತಾಯಿಗೆ ಬೆನ್ನು ತಿರುಗಿಸಿದಳು. "ಹೆತ್ತ ಹೊಟ್ಟೆ ಇಷ್ಟು ಕಲ್ಲಾಗ್ಬಾರ್ದು," ಎಂದು ಗೋಡೆಗೆ ಹೇಳುವ ಹಾಗೆ ಹೇಳಿ, ತಮ್ಮನ ತೋಳು ಹಿಡಿದುಕೊಂಡು ಮೆಟ್ಟಿಲಿಳಿದಳು.

ಎರಡು ವಾರದ ಮೇಲೆ ತೀರ್ಪು ಬಂತು. ಹೆಂಡತಿ ಮಗಳು ಆ ಮನೆಯಲ್ಲೇ ಇರಬಹುದು. ಗಂಡ ಬೇರೆ ಇರಬೇಕು, ಮಗಳ ಖರ್ಚು ಕೊಡಬೇಕು. ಮಗಳನ್ನು ಭಾನುವಾರ ಅತ್ತೆಯ, ಎಂದರೆ ಅವನ ಅಕ್ಕನ, ಮನೆಯಲ್ಲಿ ನೋಡಬಹುದು. ಅವನು ವಾಸವಿರುವ ಮನೆಗೆ ಮಗಳನ್ನು ಕಳಿಸುವಂತಿಲ್ಲ. ಅದಕ್ಕಾಗಿ ಪುಟ್ಟು ಅಕ್ಕನ ಸೋಫಾ ಬಿಟ್ಟು ಸಹೋದ್ಯೋಗಿಯೊಬ್ಬನ ಕೋಣೆ ಸೇರಿದ. ಭಾವ ಮತ್ತೆ ಕೂತು ಪೇಪರ್ ಓದತೊಡಗಿದರು. ವಿಚ್ಛೇದನದ ಕೇಸು ಬೇರೆಯಾಗಿ ನಡೆಯಬೇಕಿತ್ತು.

ಲಾಂಡ್ರಿಯಮ್ಮ ಇನ್ನು ಮನೆ ಒಂದು ಹದಕ್ಕೆ ಬಂತು ಎಂದುಕೊಂಡಳು. ಮೂವರು ಹೆಣ್ಣುಗಳು, ಒಬ್ಬ ಮುದುಕ. ಸೊಸೆಯ ಪ್ಲಾಸ್ಟರ್ ತೆಗೆದರು. ಅಂಗಡಿಯಲ್ಲಿ ಮತ್ತೆ ಗಾಜು ಉಜ್ಜಲು ಕೂತಳು. ಒಂದು ಸಂಜೆ ಅವಳು ಚಹಾ ಮಾಡಿ ಅತ್ತೆಗೊಂದು ಲೋಟ ಕೊಟ್ಟು, ಎದುರಿಗೆ ಕೂತಳು.

"ಅತ್ತೆ, ಅಂಗಡಿ ಹತ್ರ ಬೇಕರಿ ಮೇಲೆ ಎರಡು ಕೋಣೆ ಖಾಲಿ ಇದೆ. ಒಂದನೇ ತಾರೀಖಿಗೆ ಹೋಗ್ತೀವಿ."

ಲಾಂಡ್ರಿಯಮ್ಮ ಲೋಟ ಕೆಳಗಿಟ್ಟಳು. "ಯಾಕೆ? ಇಲ್ಲೇ ಇರು ಅಂತ ಕೋರ್ಟೇ ಹೇಳಿದೆ."

"ಇರಬಹುದು ಅಂದಿದೆ. ಇರಲೇಬೇಕು ಅಂದಿಲ್ಲ."

"ನಾನೇನು ಕಡಿಮೆ ಮಾಡ್ದೆ ನಿನಗೆ? ನಿನಗೋಸ್ಕರ ಮಗನ್ನ ಕಳ್ಕೊಂಡೆ. ಮಗಳು ಮಾತಾಡಲ್ಲ. ಕೋರ್ಟಲ್ಲಿ ನಾಲ್ಕು ಜನರ ಮುಂದೆ ನಿಂತೆ."

"ನಿಂತ್ರಿ. ನಾನು ಸಾಯೋ ತನಕ ಮರೆಯಲ್ಲ. ಆದ್ರೆ ಅದರ ಭಾರ ದಿನಾ ನನ್ನ ತಲೆ ಮೇಲೆ ಇಡ್ಬೇಡಿ ಅತ್ತೆ. ಇಲ್ಲೇ ಇದ್ರೆ ನೀವು ಇಡ್ತೀರ. ಈಗ್ಲೇ ಇಟ್ರಿ."

ಲಾಂಡ್ರಿಯಮ್ಮ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಮರಿ ನನಗೆ ಎಲ್ಲಾ ಹೇಳಿದ್ಲು," ಎಂದಳು ಸೊಸೆ. "ಈ ಮನೆ ನಿಮ್ಮ ಹೆಸರಿಗೆ ಆದ್ಮೇಲೆ ಮಾವ ಕೈ ಇಳಿಸಿದ್ರು ಅಂತ. ನನಗೂ ನನ್ನ ಹೆಸರಲ್ಲಿ ಒಂದು ಬಾಗಿಲು ಬೇಕು. ಬಾಡಿಗೆದಾದ್ರೂ ಆಗ್ಲಿ. ಶನಿವಾರ ಮಧ್ಯಾಹ್ನ ಮರೀನ ಕಳಿಸ್ತೀನಿ, ರಾತ್ರಿ ಇಲ್ಲೇ ಮಲಗ್ಲಿ. ಭಾನುವಾರ ನೀವೇ ಅವಳ ಅತ್ತೆ ಮನೆಗೆ ಬಿಟ್ಟು ಬನ್ನಿ."

ಒಂದನೇ ತಾರೀಖು ಲಾಂಡ್ರಿಯಮ್ಮ ಮುಖ ಗಂಟು ಹಾಕಿಕೊಂಡೇ ಸಾಮಾನು ಕಟ್ಟಿದಳು. ಹೊದಿಕೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚಿ, ದೊಡ್ಡ ಪಾತ್ರೆಗಳಲ್ಲಿ ಎರಡನ್ನು ಕೇಳದೆಯೇ ಪೆಟ್ಟಿಗೆಯಲ್ಲಿಟ್ಟಳು. ಬೇಕರಿಯ ಮೆಟ್ಟಿಲು ಹತ್ತಿ ಹೋಗಿ, ನೀರು ಬರುತ್ತದೆಯೇ ಎಂದು ನಲ್ಲಿ ತಿರುಗಿಸಿ ನೋಡಿದಳು. "ಗಾಳಿ ಬೆಳಕು ಪರವಾಗಿಲ್ಲ," ಎಂದಳು. "ಬ್ರೆಡ್ಡಿನ ವಾಸನೆಗೆ ಮರಿ ದಪ್ಪ ಆಗ್ತಾಳೆ."

ಆ ವಾರ ಮನೆಯಲ್ಲಿ ಅಡುಗೆ ಎರಡು ಪಟ್ಟು ಮಿಕ್ಕಿತು. ಇಬ್ಬರಿಗೆ ಎಷ್ಟು ಮಾಡಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು. ಕಂಡಕ್ಟರು ಮೂರು ದಿನ ನಿನ್ನೆಯದನ್ನೇ ತಿಂದು, ನಾಲ್ಕನೇ ದಿನ "ಇದು ಭಾನುವಾರದ್ದಲ್ವಾ?" ಎಂದು ಮೆಲ್ಲಗೆ ಕೇಳಿದರು.

ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಪುಟ್ಟು ಬಂದ. ಕೈಯಲ್ಲಿ ಬಟ್ಟೆಯ ಚೀಲ, ಹೆಗಲಲ್ಲಿ ಸ್ಪ್ಯಾನರ್ ಪೆಟ್ಟಿಗೆ. ತಾಯಿಯ ಕಡೆ ನೇರವಾಗಿ ನೋಡದೆ ಎರಡನ್ನೂ ಬಾಗಿಲ ಪಕ್ಕ ಇಟ್ಟ.

"ಅವಳೇ ಹೋದ್ಲಂತಲ್ಲ," ಎಂದ. "ಇನ್ನು ನಾನು ಬಂದ್ರೆ ಕಾನೂನಿನ ಅಡ್ಡಿ ಏನಿಲ್ಲ. ವಕೀಲರನ್ನ ಕೇಳ್ಕೊಂಡೇ ಬಂದೆ."

"ಕೈ ತೊಳ್ಕೊ," ಎಂದಳು ಲಾಂಡ್ರಿಯಮ್ಮ.

ತಟ್ಟೆ ಹಾಕಿ ಬಡಿಸಿದಳು. ಅವನು ತಲೆ ಬಗ್ಗಿಸಿ ಹಸಿದವರ ಹಾಗೆ ಉಂಡ. ಸಣ್ಣಗಾಗಿದ್ದ. ಅಂಗಿಯ ಕಾಲರಿನಲ್ಲಿ ಕೊಳೆ ಕೂತಿತ್ತು. ಆ ಅಂಗಿಯನ್ನು ಬಿಚ್ಚಿಸಿ ಈಗಲೇ ನೆನೆಹಾಕಬೇಕೆಂದು ಲಾಂಡ್ರಿಯಮ್ಮನ ಕೈ ತವಕಿಸಿತು. ಅವಳು ಇನ್ನೊಂದು ಸೌಟು ಬಡಿಸಿದಳು.

"ನನ್ನ ಕೋಣೆ ಹಾಗೇ ಇದೆಯಾ?" ಎಂದ.

"ಇದೆ. ಪಕ್ಕದ ಕೋಣೇಲಿ ಶನಿವಾರ ಮರಿ ಮಲಗ್ತಾಳೆ."

"ನಾನು ಹೊರಗೆ ಮಲಗ್ತೀನಿ ಬಿಡು."

"ನೀನು ಇಲ್ಲಿದ್ರೆ ಅವಳು ಇಲ್ಲಿಗೆ ಬರೋ ಹಾಗಿಲ್ಲ. ನಿನಗೂ ಗೊತ್ತು."

ಪುಟ್ಟುವಿನ ಕೈ ತಟ್ಟೆಯಲ್ಲಿ ನಿಂತಿತು. "ಅಂದ್ರೆ ನಿನಗೆ ಮೊಮ್ಮಗಳು ಬೇಕು, ಮಗ ಬೇಡ."

"ಇಬ್ರೂ ಬೇಕು ಕಣೋ. ಇಬ್ರನ್ನೂ ಒಂದೇ ಮನೇಲಿ ಇಟ್ಕೊಳ್ಳೋ ಹಾಗೆ ನೀನು ಬಿಟ್ಟಿಲ್ಲ."

"ಎಷ್ಟು ದಿನ ಹೀಗೆ?"

"ನನಗೂ ಗೊತ್ತಿಲ್ಲ." ಅವಳು ಅವನ ಲೋಟಕ್ಕೆ ನೀರು ಹಾಕಿದಳು. "ಊಟಕ್ಕೆ ಬಾ. ದಿನಾ ಬಾ, ಶನಿವಾರ ಭಾನುವಾರ ಬಿಟ್ಟು. ಬಿಸಿಬಿಸಿ ಮಾಡಿ ಹಾಕ್ತೀನಿ. ಚೀಲ ಮಾತ್ರ ತರಬೇಡ."

ಅವನು ತಂದೆಯ ಕಡೆ ತಿರುಗಿದ. ಕಂಡಕ್ಟರಿಗೆ ಇಂಥ ಹೊತ್ತಿನಲ್ಲಿ ಕಿವಿ ಕೇಳಿಸುವುದಿಲ್ಲ ಎಂಬುದು ಮನೆಗೆಲ್ಲ ಗೊತ್ತಿದ್ದ ವಿಷಯ. ಅವರು ಕೈ ಒರೆಸಿಕೊಂಡು, ಮಗನ ಮುಖ ನೋಡಿಯೇ ಹೇಳಿದರು. "ಅಮ್ಮ ಹೇಳಿದ ಹಾಗೆ ಮಾಡು. ನನಗೂ ಇದನ್ನ ಯಾರಾದ್ರೂ ಆಗ್ಲೇ ಹೇಳಬೇಕಿತ್ತು."

ಪುಟ್ಟು ಎದ್ದ. ತಟ್ಟೆ ಎತ್ತಲಿಲ್ಲ. ಚೀಲ, ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದ. ಬಾಗಿಲು ದಡಾರನೆ ಬಿತ್ತು.

ಮರುದಿನ ಬರಲಿಲ್ಲ. ಶನಿವಾರ ಮರಿ ಬಂದಳು, ಬೇಕರಿಯ ಬನ್ನುಗಳ ಪೊಟ್ಟಣ ಹಿಡಿದುಕೊಂಡು. ಭಾನುವಾರ ಅವಳನ್ನು ಬಿಟ್ಟು ಬರಲು ಹೋದಾಗ ದೊಡ್ಡ ಮಗಳು ಬಾಗಿಲಲ್ಲಿ ನಿಂತು "ಬಾ ಒಳಗೆ" ಎನ್ನಲಿಲ್ಲ. ಲಾಂಡ್ರಿಯಮ್ಮನೂ ಕಾಯದೆ ಬಸ್ಸು ಹಿಡಿದಳು.

ಸೋಮವಾರ ಅವಳು ಮೂವರಿಗೆ ಆಗುವಷ್ಟು ಅಡುಗೆ ಮಾಡಿದಳು. ಒಂದು ಗಂಟೆಯಾಯಿತು. ಕಂಡಕ್ಟರು "ಬಡಿಸ್ತೀಯಾ?" ಎಂದರು. "ಸ್ವಲ್ಪ ತಡೀರಿ," ಎಂದಳು.

ಒಂದೂಕಾಲಿಗೆ ಬಾಗಿಲಲ್ಲಿ ಸದ್ದಾಯಿತು. ಪುಟ್ಟು ಬೂಟು ಬಿಚ್ಚುತ್ತಿದ್ದ. ಕೈ ಬೀಸಿಕೊಂಡು ಬಂದಿದ್ದ.

ಲಾಂಡ್ರಿಯಮ್ಮ ತಟ್ಟೆ ಹಾಕಿದಳು.